ಹೊಳೆಯ ಕಲ್ಲು ಎತ್ತಬೇಡಿ ಅಂದರು, ಯಾಕೆ ಅಂತ ಹುಡುಕಿದೆ: ಸ್ಮೋಕಿ ಮ್ಯಾಡ್‌ಟಾಮ್

ಹೊಳೆಸಾಲು (ನಾಕ್ಸ್‌ವಿಲ್, ಟೆನೆಸಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಬರಹ, ಪುರಸೊತ್ತಿನಲ್ಲಿ ಓದಿ.

ಕಳೆದ ಶನಿವಾರ ಮಕ್ಕಳ ಜೊತೆ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದ ಪಶ್ಚಿಮ ಅಂಚಿನಲ್ಲಿರುವ ಏಬ್ರಮ್ಸ್ ಕ್ರೀಕಿಗೆ ಹೋಗಿದ್ದೆವು. ನಾನು ತೀರ್ಥಹಳ್ಳಿಯವಳು, ತುಂಗೆಯ ನೀರಲ್ಲಿ ಕಾಲಾಡಿಸಿ ಬೆಳೆದವಳು. ಮಕ್ಕಳು ಹೊಳೆಯೊಳಗೆ ಚಪ್ಪಟೆ ಕಲ್ಲು ಆಯ್ದು ಒಂದರ ಮೇಲೊಂದು ಪೇರಿಸಿ ಪುಟ್ಟ ಕಟ್ಟೆ ಕಟ್ಟುತ್ತಿದ್ದರೆ ದಡದಲ್ಲಿ ಕೂತು ನೋಡುವುದೇ ಒಂದು ಸಂತೋಷ. ಅಷ್ಟರಲ್ಲಿ ಸ್ವಯಂಸೇವಕಿಯೊಬ್ಬರು ಬಂದು ಮಗಳ ಪಕ್ಕ ಮಂಡಿಯೂರಿ ಹೇಳಿದರು: "ಆ ಕಲ್ಲು ಅಲ್ಲೇ ಇರಲಿ ಪುಟ್ಟಾ. ಅದರಡಿ ಒಬ್ಬ ಅಪ್ಪ ಕೂತಿರಬಹುದು."

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮನೆಗೆ ಬಂದು ಓದಿದೆ. ಅವರು ಹೇಳಿದ ಅಪ್ಪ ಒಂದು ಮೀಸೆ ಮೀನು, ಹೆಸರು ಸ್ಮೋಕಿ ಮ್ಯಾಡ್‌ಟಾಮ್. ಪೂರ್ತಿ ಬೆಳೆದರೂ 7 ಸೆಂಟಿಮೀಟರ್ ಸುಮಾರು, ಅಂದರೆ ನನ್ನ ತೋರುಬೆರಳಿನಷ್ಟು. ಬೇಸಿಗೆಯಲ್ಲಿ, ಜೂನ್-ಜುಲೈ ಹೊತ್ತಿಗೆ, ನಿಧಾನಕ್ಕೆ ಹರಿಯುವ ಮಡುವಿನ ಚಪ್ಪಟೆ ಕಲ್ಲಿನಡಿ ಸಣ್ಣ ಗುಳಿ ಮಾಡಿಕೊಳ್ಳುತ್ತದೆ. ಹೆಣ್ಣು ಮೂವತ್ತು ನಲವತ್ತು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಆಮೇಲಿನದ್ದೆಲ್ಲ ಗಂಡಿನ ಪಾಲು: ಮೊಟ್ಟೆ ಒಡೆದು ಮರಿಗಳು ಚೆದುರುವವರೆಗೆ ಕಲ್ಲಿನಡಿಯೇ ಇದ್ದು, ಹೂಳು ಕೂರದಂತೆ ಮೊಟ್ಟೆಗಳನ್ನು ಅಲುಗಿಸುತ್ತ, ಸರಿಯಾಗಿ ತಿನ್ನದೆ ಸೊರಗುತ್ತದೆ. ಕಲ್ಲು ಎತ್ತಿದರೆ ಆ ವರ್ಷದ ಸಂಸಾರ ಮುಗಿದ ಹಾಗೆ. ಈ ಮೀನಿನ ಆಯುಷ್ಯವೇ ಎರಡು ಮೂರು ವರ್ಷ.

ಇನ್ನು ಇದರ ಕಥೆ. 1957ರಲ್ಲಿ ಈ ಹೊಳೆಗೆ ವಿಷ ಹಾಕಿದ್ದರು. ಕದ್ದು ಮೀನು ಹಿಡಿಯುವವರಲ್ಲ, ಸರ್ಕಾರದವರೇ. ಕೆಳಗೆ ಲಿಟಲ್ ಟೆನೆಸಿ ನದಿಗೆ ಚಿಲ್ಹೋವಿ ಅಣೆಕಟ್ಟು ಮುಗಿಯುತ್ತಾ ಬಂದಿತ್ತು. ಅಲ್ಲಿ ರೇನ್‌ಬೋ ಟ್ರೌಟ್ ಎಂಬ ಮೀನು ತಂದು ಬಿಟ್ಟು ಗಾಳದವರನ್ನು ಸೆಳೆಯುವ ಯೋಜನೆ. ಟ್ರೌಟ್ ಚೆನ್ನಾಗಿ ಬೆಳೆಯಬೇಕಾದರೆ ಪೈಪೋಟಿಗೆ ನಿಲ್ಲುವ "ಬೇಡದ ಮೀನು"ಗಳು ಇರಬಾರದು ಎನ್ನುವುದು ಆ ಕಾಲದ ತಿಳಿವಳಿಕೆ. ಏಬ್ರಮ್ಸ್ ಜಲಪಾತದ ಕೆಳಗಿನಿಂದ ಸಂಗಮದವರೆಗೆ ರೊಟೆನೋನ್ ಎಂಬ ಮೀನುವಿಷ ಸುರಿದರು. ಅರವತ್ತಕ್ಕೂ ಹೆಚ್ಚು ಜಾತಿಯ ಮೀನುಗಳಿದ್ದ ಹೊಳೆ ಅದು. ಸುಮಾರು ಅರ್ಧದಷ್ಟು ಜಾತಿಗಳು ಮರಳಲಿಲ್ಲ, ಯಾಕೆಂದರೆ ಮರಳುವ ದಾರಿಯಲ್ಲಿ ಈಗ ಆಳವಾದ ನಿಂತ ನೀರು. ಟ್ರೌಟ್ ಕೂಡ ಅವರು ಅಂದುಕೊಂಡ ಹಾಗೆ ಏಳಿಗೆ ಕಾಣಲಿಲ್ಲ.

ಸತ್ತು ತೇಲಿದ ರಾಶಿಯಲ್ಲಿ ಕೆಲವನ್ನು ಜಾಡಿಗೆ ಹಾಕಿ ಇಟ್ಟಿದ್ದರು. ಅದರಲ್ಲಿ ಐದು ಪುಟ್ಟ ಮೀಸೆ ಮೀನು. ವಿಲಿಯಂ ರಾಲ್ಫ್ ಟೇಲರ್ ಎಂಬ ವಿಜ್ಞಾನಿ 1969ರಲ್ಲಿ ಈ ಇಡೀ ಗುಂಪಿನ ಮೀನುಗಳ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸುವಾಗ ಆ ಐದನ್ನು ನೋಡಿ ಇದು ಯಾರೂ ವಿವರಿಸದ ಹೊಸ ಜಾತಿ ಎಂದು ಹೆಸರಿಟ್ಟರು: ನೊಟುರಸ್ ಬೇಲಿಯೈ. ಹೆಸರಿಡುವಾಗ ಅದರ ಹೊಳೆಯಲ್ಲಿ ಅದು ಸತ್ತು 12 ವರ್ಷ ಆಗಿತ್ತು.

ನಾಮಕರಣದ ದಿನವೇ ತಿಥಿ. ಓದಿದ ರಾತ್ರಿ ನಿದ್ದೆ ಬರಲಿಲ್ಲ. ಈ ಗುಂಪಿನ ಮೀನುಗಳನ್ನು ನೋಡಿದವರು, ತಿಳಿದವರು ಯಾರಾದರೂ ಇದ್ದರೆ ಬರೆಯಿರಿ.

ವರದಾತೀರ (ಹಾವೇರಿ)

ಅಕ್ಕಾರ, ಓದಿ ಎದಿ ಜಲ್ ಅಂತು. ಹಂಗಾರ ಈ ಮೀನ ಈಗ ಇಲ್ಲೇನ್ರೀ? ಸ್ವಯಂಸೇವಕಿ "ಕೂತಿರಬಹುದು" ಅಂದ್ರಂದ್ರ ಇರಬೇಕಲ್ಲ?

ಫೋಟೋ ಹುಡುಕಿ ನೋಡಿದೆ. ನಮ್ಮ ಕೆರಿಯಾಗಿನ ಚೇಳುಮೀನದ ತಮ್ಮ ಇದ್ದಂಗ ಐತಿ. ಸಣ್ಣಾಂವ ಇದ್ದಾಗ ಕೆರಿ ಬತ್ತೋ ಹೊತ್ತಿಗೆ ಕೆಸರಿನ್ಯಾಗ ಕೈ ಹಾಕಿ ಹಿಡಿಯೋದು ನಮ್ಮ ಆಟ. ಒಮ್ಮೆ ಹೆಬ್ಬೆರಳಿಗೆ ಚುಚ್ಚಿತು ನೋಡ್ರಿ, ಹೆಗಲ ತನಕ ಉರಿ ಏರಿತ್ತು. ನಮ್ಮಪ್ಪ ಬಿಸಿನೀರಿನ್ಯಾಗ ಕೈ ಅದ್ದಿಸಿ ಕುಂಡ್ರಿಸಿದ್ರು. ಹೆಸರ ಚೇಳು ಅಂತ ಸುಮ್ಮನ ಇಟ್ಟಿಲ್ಲ. ಈ ಮ್ಯಾಡ್‌ಟಾಮೂ ಚುಚ್ಚತೈತೇನ್ರಿ?

ಮತ್ಸ್ಯಮಿತ್ರ (ಮಂಗಳೂರು)

ಮೀನುಗಾರಿಕಾ ವಿಜ್ಞಾನ ಓದಿ ಅದರಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಎರಡು ಮಾತು.

ವರದಾತೀರ ಅವರೇ, ಚುಚ್ಚುತ್ತದೆ. ಎದೆರೆಕ್ಕೆಯ ಮುಂಭಾಗದಲ್ಲಿ ಎರಡು ಗಟ್ಟಿ ಮುಳ್ಳು, ಬೆನ್ನುರೆಕ್ಕೆಯಲ್ಲಿ ಒಂದು, ಆ ಮುಳ್ಳುಗಳ ಬುಡದಲ್ಲಿ ಮತ್ತು ಉದ್ದಕ್ಕೂ ವಿಷದ ಕೋಶಗಳು. ಚುಚ್ಚಿದರೆ ಜೇನು ಅಥವಾ ಕಣಜ ಕಡಿದ ಹಾಗೆ. ನಿಮ್ಮ ತಂದೆಯವರು ಮಾಡಿದ್ದು ಸರಿಯಾದ ಚಿಕಿತ್ಸೆ. ಮೀನಿನ ವಿಷ ಪ್ರೋಟೀನು, ಬಿಸಿಗೆ ಕೆಡುತ್ತದೆ. ಚರ್ಮ ಸುಡದಂತೆ, ಕೈ ತಾಳುವಷ್ಟು ಬಿಸಿ ಇರುವ ನೀರಲ್ಲಿ ಅರ್ಧ ಗಂಟೆಗೂ ಹೆಚ್ಚು ಇಡಬೇಕು. ಮುಳ್ಳು ಮುರಿದು ಒಳಗೆ ಉಳಿದಿದ್ದರೆ ವೈದ್ಯರಿಗೆ ತೋರಿಸಬೇಕು.

ಆದರೆ ಎರಡೂ ಅಣ್ಣತಮ್ಮಂದಿರಲ್ಲ. ನಮ್ಮ ಚೇಳುಮೀನಿಗೆ ಬೆನ್ನಿನ ಉದ್ದಕ್ಕೆ ಗಾಳಿಚೀಲಗಳಿವೆ, ಕೆಸರಲ್ಲಿ ಗಾಳಿ ಕುಡಿದು ಬದುಕುತ್ತದೆ. ಮ್ಯಾಡ್‌ಟಾಮಿಗೆ ಆ ಸೌಲಭ್ಯ ಇಲ್ಲ, ಕಿವಿರೇ ಗತಿ. ಚೇಳುಮೀನಿನ ಬೆನ್ನುರೆಕ್ಕೆಯಲ್ಲಿ ಮುಳ್ಳೂ ಇಲ್ಲ. ಮ್ಯಾಡ್‌ಟಾಮ್‌ಗಳು ಸೇರಿದ ಇಕ್ಟಾಲುರಿಡೆ ಕುಟುಂಬದ ಮೂಲನೆಲೆ ಉತ್ತರ ಅಮೆರಿಕ ಮಾತ್ರ. ಅಲ್ಲಿ ಸಾಕುವ ಚಾನೆಲ್ ಕ್ಯಾಟ್‌ಫಿಶ್, ಆಳೆತ್ತರಕ್ಕೆ ಬೆಳೆಯಬಲ್ಲ ಬ್ಲೂ ಕ್ಯಾಟ್‌ಫಿಶ್ ಎಲ್ಲ ಇದೇ ಮನೆತನ. ಅದರಲ್ಲಿ ಕುಳ್ಳರ ಗುಂಪು ನೊಟುರಸ್, ಸುಮಾರು 30 ಜಾತಿಗಳು.

ಗುರುತಿಸುವುದು ಸುಲಭ. ಬಾಲದ ಹತ್ತಿರ ಬೆನ್ನ ಮೇಲೆ ಬೇರೆ ಮೀಸೆ ಮೀನುಗಳಿಗೆ ಒಂದು ಪುಟ್ಟ ಮಾಂಸದ ರೆಕ್ಕೆ ಬಿಡಿಯಾಗಿ ನಿಂತಿರುತ್ತದೆ. ಮ್ಯಾಡ್‌ಟಾಮಿನಲ್ಲಿ ಅದು ತಗ್ಗಾಗಿ, ಉದ್ದಕ್ಕೆ ಸಾಗಿ ಬಾಲಕ್ಕೇ ಅಂಟಿರುತ್ತದೆ. ಬೆನ್ನೇ ಬಾಲವಾದ ಹಾಗೆ. ನಿಸರ್ಗವಿಜ್ಞಾನಿ ರಫಿನೆಸ್ಕ್ 1818ರಲ್ಲಿ ಇಟ್ಟ ನೊಟುರಸ್ ಎಂಬ ಗ್ರೀಕ್ ಮೂಲದ ಹೆಸರಿನ ಅರ್ಥವೂ ಅದೇ, ಬೆನ್ನು-ಬಾಲ.

ಮೈಮೇಲೆ ಹುರುಪೆ ಇಲ್ಲ, ನಾಲ್ಕು ಜೋಡಿ ಮೀಸೆ, ಮೈಯೆಲ್ಲ ರುಚಿಮೊಗ್ಗು. ರಾತ್ರಿ ಹೊರಟು ನೀರುಹುಳಗಳ ಮರಿಗಳನ್ನು ಮೂಸಿ, ಸವರಿ ಹುಡುಕಿ ತಿನ್ನುತ್ತದೆ. ಮೈಯೇ ನಾಲಿಗೆಯಾದ ಪ್ರಾಣಿಗೆ ನೀರು ಕೆಟ್ಟರೆ ಏನಾಗುತ್ತದೆ ಎಂದು ಯೋಚಿಸಿ. ನಮ್ಮ ಕಣ್ಣಿಗೆ ತಿಳಿಯಾಗಿ ಕಾಣುವ ನೀರಿನಲ್ಲಿ ಸ್ವಲ್ಪವೇ ರಾಸಾಯನಿಕ ಬೆರೆತರೂ ಇವಕ್ಕೆ ಗದ್ದಲದ ಸಂತೆಯಲ್ಲಿ ಮಾತು ಕೇಳಿಸದ ಹಾಗೆ ಆಗಬಹುದು ಎಂಬ ಊಹೆಯನ್ನು ಎಟ್ನಿಯರ್ ಮತ್ತು ಜೆಂಕಿನ್ಸ್ ಎಂಬ ಮೀನುವಿಜ್ಞಾನಿಗಳು 1980ರಲ್ಲೇ ಮುಂದಿಟ್ಟಿದ್ದಾರೆ.

ಗಾಜಿನತೊಟ್ಟಿ (ಬೆಂಗಳೂರು)

ತುಂಬಾ ಮುದ್ದಾಗಿದೆ! ನನ್ನ ಹತ್ತಿರ ನಾಲ್ಕಡಿ ಟ್ಯಾಂಕ್ ಇದೆ, ಕಲ್ಲಿನ ಗುಹೆಗಳೂ ಇವೆ. ಇಂಪೋರ್ಟ್ ಮಾಡಿಸೋಕೆ ಆಗುತ್ತಾ? ಯಾರಾದರೂ ತರಿಸಿದ್ದೀರಾ?

ಹೊಳೆಸಾಲು

ಗಾಜಿನತೊಟ್ಟಿ, ದಯವಿಟ್ಟು ಆ ಆಸೆ ಬಿಡಿ. ಸ್ಮೋಕಿ ಮ್ಯಾಡ್‌ಟಾಮ್ 1984ರಿಂದ ಅಮೆರಿಕದ ಅಳಿವಿನಂಚಿನ ಜೀವಿಗಳ ಕಾನೂನಿನ ಪಟ್ಟಿಯಲ್ಲಿದೆ. ಮುಟ್ಟುವುದಕ್ಕೂ ಪರವಾನಗಿ ಬೇಕು.

ವರದಾತೀರ ಅವರ ಪ್ರಶ್ನೆಗೆ ಬರುತ್ತೇನೆ. ಇದೆ! ಕಥೆಯ ಎರಡನೇ ಭಾಗ ಅದೇ, ಮೊದಲ ದಿನವೇ ಬರೆಯಬೇಕಿತ್ತು.

ಏಬ್ರಮ್ಸ್ ಹೊಳೆಗೆ ನೈಋತ್ಯಕ್ಕೆ, ಚೆರೋಕಿ ರಾಷ್ಟ್ರೀಯ ಅರಣ್ಯದಲ್ಲಿ ಸಿಟಿಕೊ ಎಂಬ ಇನ್ನೊಂದು ಹೊಳೆ ಇದೆ. ಅದೂ ಲಿಟಲ್ ಟೆನೆಸಿಗೇ ಸೇರುವುದು. ಅದರ ಬಾಯಿಯ ಹತ್ತಿರ ಏನಾಗುತ್ತಿತ್ತು ಎಂದು ತಿಳಿದರೆ ಈ ಕಥೆಯ ತೂಕ ಗೊತ್ತಾಗುತ್ತದೆ. ಟೆಲಿಕೊ ಅಣೆಕಟ್ಟು. 1973ರಲ್ಲಿ ಟೆನೆಸಿ ವಿಶ್ವವಿದ್ಯಾಲಯದ ಡೇವಿಡ್ ಎಟ್ನಿಯರ್ ಆ ನದಿಯಲ್ಲಿ ಸ್ನೇಲ್ ಡಾರ್ಟರ್ ಎಂಬ ಪುಟ್ಟ ಮೀನು ಕಂಡರು. ಅಣೆಕಟ್ಟಿನಿಂದ ಅದು ಅಳಿಯುತ್ತದೆ ಎಂಬ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1978ರಲ್ಲಿ ಮೀನೇ ಗೆದ್ದಿತು. ಆಮೇಲೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಈ ಒಂದು ಅಣೆಕಟ್ಟಿಗೆ ಕಾನೂನಿನಿಂದ ವಿನಾಯಿತಿ ಕೊಟ್ಟುಬಿಟ್ಟಿತು. 1979ರ ನವೆಂಬರಿನಲ್ಲಿ ಗೇಟು ಮುಚ್ಚಿದರು. ಚೆರೋಕಿ ಜನರ ಹಳೆಯ ಊರುಗಳಾದ ಚೋಟಾ, ತನಾಸಿ ಎರಡೂ ಆ ನೀರಿನಡಿ. ತನಾಸಿ ಎನ್ನುವ ಆ ಊರಿನ ಹೆಸರೇ ನಾನಿರುವ ಈ ರಾಜ್ಯದ ಹೆಸರು. ಸಿಟಿಕೊ ಹೊಳೆಯ ಬಾಯಿಯೂ ಮುಳುಗಿತು.

ಮರುವರ್ಷ, 1980ರಲ್ಲಿ, ಅದೇ ಸಿಟಿಕೊದ ಮೇಲ್ಭಾಗದಲ್ಲಿ ಸ್ಮೋಕಿ ಮ್ಯಾಡ್‌ಟಾಮ್ ಜೀವಂತ ಸಿಕ್ಕಿತು. 23 ವರ್ಷ ಯಾರ ಕಣ್ಣಿಗೂ ಬೀಳದ ಮೀನು. ಅದರ ಬೆನ್ನಿಗೇ ಯೆಲೋಫಿನ್ ಮ್ಯಾಡ್‌ಟಾಮ್ ಎಂಬ ಅದೇ ಗುಂಪಿನ ಇನ್ನೊಂದು ಜಾತಿಯೂ ಅಲ್ಲೇ ಕಂಡಿತು. ಟೇಲರ್ ಅದಕ್ಕೂ 1969ರಲ್ಲೇ ಹೆಸರಿಟ್ಟು, ಬಹುಶಃ ಅಳಿದಿದೆ ಎಂದು ಬರೆದಿದ್ದರು.

ಆಮೇಲೆ ನಡೆದದ್ದನ್ನು ಓದಿ ಕಣ್ಣು ತುಂಬಿತು. ಇದೇ ನಮ್ಮ ನಾಕ್ಸ್‌ವಿಲ್‌ನಲ್ಲಿ, ಎಟ್ನಿಯರ್ ಅವರ ಬಳಿ ಓದಿದ ಕೆಲವರು ಸಿಟಿಕೊ ಹೊಳೆಯಲ್ಲಿ ಸ್ನಾರ್ಕೆಲ್ ಕಟ್ಟಿಕೊಂಡು ಬೋರಲಾಗಿ ಮಲಗಿ, ಒಂದೊಂದೇ ಕಲ್ಲಿನಡಿ ನೋಡಿ, ಕೆಲವೇ ಗೂಡುಗಳ ಮೊಟ್ಟೆ ತಂದರು. ತೊಟ್ಟಿಗಳಲ್ಲಿ ಮೊಟ್ಟೆ ಒಡೆಸಿ, ಹೊರಗಿನ ಹೊಳೆಯಲ್ಲಿ ನೂರರಲ್ಲಿ ಎಷ್ಟೋ ಸಾಯುವ ಮರಿಗಳನ್ನು ಕಾಪಾಡಿ ದೊಡ್ಡದು ಮಾಡಿದರು. 1986ರಲ್ಲಿ ಮೊದಲ ಕಂತನ್ನು ಏಬ್ರಮ್ಸ್ ಹೊಳೆಗೆ ಬಿಟ್ಟರು. ಜೆ. ಆರ್. ಶೂಟ್, ಪ್ಯಾಟ್ ರೇಕ್ಸ್ ಮುಂದೆ ಇದಕ್ಕಾಗಿಯೇ ಕನ್ಸರ್ವೇಶನ್ ಫಿಶರೀಸ್ ಎಂಬ ಲಾಭರಹಿತ ಸಂಸ್ಥೆ ಕಟ್ಟಿದರು. ವರ್ಷ ವರ್ಷವೂ ಬಿಟ್ಟರು. ಒಟ್ಟು ನಾಲ್ಕು ಜಾತಿ ಬಿಟ್ಟಿದ್ದರಲ್ಲಿ ಸ್ಪಾಟ್‌ಫಿನ್ ಚಬ್ ಎಂಬುದು ನೆಲೆ ನಿಲ್ಲಲಿಲ್ಲ. ಎರಡು ಮ್ಯಾಡ್‌ಟಾಮ್ ಮತ್ತು ಡಾರ್ಟರ್ ಬಳಗದ ಒಂದು ಪುಟ್ಟ ಮೀನು ನಿಂತವು. ಈಗ ಏಬ್ರಮ್ಸ್‌ನಲ್ಲಿ ಇರುವವು ಅಲ್ಲೇ ಹುಟ್ಟಿದ ಮರಿಗಳ ಮರಿಗಳು.

ನನ್ನ ಮಗಳು ಎತ್ತಿದ್ದ ಕಲ್ಲು ಆ ಹೊಳೆಯದು.

ವರದಾತೀರ

ಬದುಕೈತಿ ಅಂತ ಕೇಳಿ ಜೀವ ಬಂತ್ರೀ ಅಕ್ಕಾ.

ಗಾಜಿನತೊಟ್ಟಿ

ಆಸೆ ಬಿಟ್ಟೆ. ಗೊತ್ತಿರಲಿಲ್ಲ, ಕ್ಷಮಿಸಿ. ಈಗ ಆ ಮೊಟ್ಟೆ ಒಡೆಸಿದವರ ತೊಟ್ಟಿಯ ವ್ಯವಸ್ಥೆ ಹೇಗಿತ್ತು ಅಂತ ಓದೋಕೆ ಕೂತಿದ್ದೀನಿ. ನಮ್ಮ ಪಶ್ಚಿಮ ಘಟ್ಟದ ಮೀನುಗಳನ್ನು ಹೀಗೆ ಮರಿ ಮಾಡಿಸೋಕೆ ಕಲಿಯಬೇಕು ಅನ್ನೋದು ನನ್ನ ಬಹಳ ದಿನದ ಕನಸು.

ಗಾಳಗಾರ (ಮಿನೆಸೋಟಾ)

ಎಲ್ಲ ಮ್ಯಾಡ್‌ಟಾಮ್‌ಗಳೂ ಅಪರೂಪ ಅಂತ ಓದುಗರು ತಿಳಿಯುವುದು ಬೇಡ. ನಮ್ಮ ಮೇಲ್ ಮಿಸಿಸಿಪ್ಪಿ ಕಡೆ ಟ್ಯಾಡ್‌ಪೋಲ್ ಮ್ಯಾಡ್‌ಟಾಮ್ ಧಾರಾಳ. ದುಂಡು ತಲೆ, ಸಣಕಲು ಬಾಲ, ಥೇಟ್ ಗೊದಮೊಟ್ಟೆ. ಇಲ್ಲಿ ಅದಕ್ಕೆ ವಿಲೋ ಕ್ಯಾಟ್ ಅಂತಾರೆ. ವಾಲೈ ಮೀನು ಹಿಡಿಯೋಕೆ ಇದಕ್ಕಿಂತ ಒಳ್ಳೆ ಜೀವಂತ ಎರೆ ಇಲ್ಲ ಅನ್ನೋದು ಹಳೆ ಗಾಳದವರ ಮಾತು. ವಿಸ್ಕಾನ್ಸಿನ್ ಗಡಿಯ ನದಿದಂಡೆ ಅಂಗಡಿಗಳಲ್ಲಿ ಡಜನ್ ಲೆಕ್ಕದಲ್ಲಿ ಮಾರ್ತಾರೆ, ಬೆಲೆಯೂ ಜೋರು. ಕೊಕ್ಕೆಗೆ ಹಾಕುವಾಗ ಹತ್ತು ಸಲ ಚುಚ್ಚಿಸಿಕೊಂಡಿದ್ದೀನಿ.

ನನಗೆ ಅರ್ಥವಾಗದ್ದು ಒಂದಿದೆ. ಇಷ್ಟು ಚುಚ್ಚೋ ಮೀನನ್ನ ವಾಲೈ ಅಷ್ಟು ಇಷ್ಟಪಟ್ಟು ನುಂಗುತ್ತಲ್ಲ, ಹಾಗಾದರೆ ಮುಳ್ಳಿನಿಂದ ಏನು ಪ್ರಯೋಜನ?

ಇನ್ನೊಂದು: ಎಸೆದ ಬಿಯರ್ ಕ್ಯಾನು, ಬಾಟಲಿ ಒಳಗೂ ಇವು ಗೂಡು ಮಾಡುತ್ತವೆ. ಒಂದು ಸಲ ನೀರಿಂದ ಕ್ಯಾನ್ ಎತ್ತಿ ಕಸದ ಚೀಲಕ್ಕೆ ಹಾಕೋ ಮುಂಚೆ ಅಲುಗಿಸಿದೆ, ಒಳಗೆ ಏನೋ ಮಿಸುಕಿತು. ಈಗ ಹೊಳೆಯಿಂದ ಕ್ಯಾನ್ ಎತ್ತುವಾಗೆಲ್ಲ ಒಳಗೆ ಬಗ್ಗಿ ನೋಡಿ, ಯಾರಾದರೂ ಇದ್ದರೆ ನೀರಿಗೆ ಜಾರಿಸಿಯೇ ಎತ್ತೋದು.

ಮತ್ಸ್ಯಮಿತ್ರ

ಗಾಳಗಾರರೇ, ಒಳ್ಳೆಯ ಪ್ರಶ್ನೆ. ನಿಮ್ಮ ಟ್ಯಾಡ್‌ಪೋಲ್ ಮ್ಯಾಡ್‌ಟಾಮಿನ ಮೇಲೆಯೇ ಮಿಷಿಗನ್ ವಿಶ್ವವಿದ್ಯಾಲಯದ ಜೆರೆಮಿ ರೈಟ್ ಪ್ರಯೋಗ ಮಾಡಿದ್ದಾರೆ. ಲಾರ್ಜ್‌ಮೌತ್ ಬಾಸ್ ಮೀನುಗಳ ಮುಂದೆ ಮುಳ್ಳು ವಿಷ ಎರಡೂ ಇರುವ ಮ್ಯಾಡ್‌ಟಾಮ್, ಮುಳ್ಳು ತೆಗೆದ ಮ್ಯಾಡ್‌ಟಾಮ್ ಬಿಟ್ಟು ನೋಡಿದರು. ಮುಳ್ಳು ವಿಷ ಸರಿಯಾಗಿರುವವನ್ನು ಬಾಸ್ ತೀರಾ ಕಡಿಮೆ ತಿಂದವು, ಬಾಯಿಗೆ ಹಾಕಿಕೊಂಡರೂ ಉಗುಳಿದವು. ಎಂದರೆ ಎಲ್ಲ ಬೇಟೆಗಾರರನ್ನೂ ತಡೆಯದಿದ್ದರೂ ಬದುಕುವ ಅವಕಾಶ ಹೆಚ್ಚಿಸುತ್ತದೆ. ವಿಕಾಸಕ್ಕೆ ಅಷ್ಟು ಸಾಕು.

ಶರಾವತಿ_ಹಿನ್ನೀರು (ಸಾಗರ)

ರೊಟೆನೋನ್ ಅಂದರೆ ನಮ್ಮ ಕಡೆಯ ಕಾರೆಕಾಯಿ ಥರವೇ? ಅಜ್ಜನ ಕಾಲದಲ್ಲಿ ಬೇಸಿಗೆಯಲ್ಲಿ ಹಳ್ಳದ ಗುಂಡಿಗೆ ಕಾರೆಕಾಯಿ ಜಜ್ಜಿ ಹಾಕುತ್ತಿದ್ದರಂತೆ, ಮೀನು ಮತ್ತೇರಿ ತೇಲುತ್ತಿದ್ದವಂತೆ. ಊರಿನವರು ಒಂದು ಗುಂಡಿಗೆ ಮಾತ್ರ ಹಾಕುವುದು, ಮಳೆಗಾಲಕ್ಕೆ ಮೇಲಿಂದ ಮತ್ತೆ ಮೀನು ಬರುವುದು, ಹೀಗಿತ್ತು ಎಂದು ಹೇಳುತ್ತಿದ್ದರು. ಇಡೀ ಹೊಳೆಗೆ ಹಾಕುವುದನ್ನು ಕೇಳಿದ್ದು ಇದೇ ಮೊದಲು.

ಮತ್ಸ್ಯಮಿತ್ರ

ಎರಡೂ ಗಿಡದಿಂದ ಬರುವ ವಿಷವೇ, ಕೆಲಸ ಮಾಡುವ ಬಗೆ ಬೇರೆ. ಕಾರೆಕಾಯಿಯಲ್ಲಿರುವುದು ಸಪೋನಿನ್, ಸೀಗೆಯ ನೊರೆಯ ಜಾತಿ. ಅದು ಕಿವಿರಿನ ನವಿರಾದ ಪೊರೆಯನ್ನು ಹಾಳುಮಾಡುತ್ತದೆ. ರೊಟೆನೋನ್ ಡೆರಿಸ್ ಮುಂತಾದ ಗಿಡಗಳ ಬೇರಿನಲ್ಲಿ ಸಿಗುತ್ತದೆ. ಅದು ಕಿವಿರಿನಿಂದ ರಕ್ತಕ್ಕೆ ಹೋಗಿ, ಜೀವಕೋಶ ಆಮ್ಲಜನಕ ಬಳಸುವುದನ್ನೇ ನಿಲ್ಲಿಸುತ್ತದೆ. ಸುತ್ತ ಆಮ್ಲಜನಕ ತುಂಬಿದ ನೀರಿದ್ದರೂ ಮೀನು ಉಸಿರುಗಟ್ಟಿ ಸಾಯುತ್ತದೆ. ನೀರಿನ ಹುಳಗಳನ್ನೂ ಬಿಡುವುದಿಲ್ಲ.

ನೀವು ಹೇಳಿದ "ಮಳೆಗಾಲಕ್ಕೆ ಮೇಲಿಂದ ಬರುವುದು" ಎನ್ನುವುದೇ ಮುಖ್ಯ. ಏಬ್ರಮ್ಸ್‌ನಲ್ಲಿ ಮೇಲೆ ಜಲಪಾತ, ಕೆಳಗೆ ಅಣೆಕಟ್ಟಿನ ನೀರು. ನಡುವಿನ ಮೀನಿಗೆ ನೆಂಟರ ಮನೆಯ ಎರಡೂ ಬಾಗಿಲು ಮುಚ್ಚಿದ್ದವು.

ಡಾರ್ಬಿ_ದಡ (ಕೊಲಂಬಸ್, ಒಹಾಯೊ)

ಹೊಳೆಸಾಲು ಅವರೇ, ನಿಮ್ಮ ಮೀನು ಮರಳಿತು. ನಮ್ಮದು ಮರಳಲಿಲ್ಲ. ಅದನ್ನೂ ಈ ಚರ್ಚೆಯಲ್ಲಿ ಬರೆದಿಡಬೇಕು ಅನಿಸಿತು.

ನಮ್ಮ ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಬಿಗ್ ಡಾರ್ಬಿ ಕ್ರೀಕ್. ಸಯೋಟೊ ನದಿಗೆ ಸೇರುವ ಹೊಳೆ. ಸುಮಾರು ನೂರು ಜಾತಿ ಮೀನುಗಳಿಗೆ ಹೆಸರಾದದ್ದು, 1994ರಿಂದ ರಾಷ್ಟ್ರೀಯ ರಮ್ಯ ನದಿ ಎಂಬ ಮನ್ನಣೆ ಅದಕ್ಕಿದೆ. ಅಲ್ಲಿ ಒಂದೇ ಒಂದು ಕಡೆ, ಕಲ್ಲಿನ ಮೇಲೆ ನೀರು ಜುಳುಜುಳು ಹರಿಯುವ ಒಂದೇ ತಾವಿನಲ್ಲಿ, ಸಯೋಟೊ ಮ್ಯಾಡ್‌ಟಾಮ್ ಇತ್ತು. ಮೊದಲು ಸಿಕ್ಕಿದ್ದು 1943ರಲ್ಲಿ. ಒಹಾಯೊದ ಮೀನುಗಳ ಬಗ್ಗೆ ಜೀವನವಿಡೀ ಕೆಲಸ ಮಾಡಿದ ಮಿಲ್ಟನ್ ಟ್ರಾಟ್‌ಮನ್ ಅವರ ಹೆಸರೇ ಅದಕ್ಕೆ: ನೊಟುರಸ್ ಟ್ರಾಟ್‌ಮನಿ. ಇದುವರೆಗೆ ಮನುಷ್ಯರು ಹಿಡಿದದ್ದು ಒಟ್ಟು 18. ಅದರಲ್ಲಿ 14 ಸಿಕ್ಕಿದ್ದು ಒಂದೇ ಶರತ್ಕಾಲದಲ್ಲಿ.

ಯಾವ ವರ್ಷ ಗೊತ್ತೇ? 1957. ನಿಮ್ಮ ಏಬ್ರಮ್ಸ್‌ಗೆ ವಿಷ ಹಾಕಿದ ವರ್ಷವೇ. ಆಮೇಲೆ ಒಂದೂ ಸಿಗಲಿಲ್ಲ. ಇದಕ್ಕೂ ಹೆಸರಿಟ್ಟದ್ದು ಟೇಲರ್ ಅವರೇ, 1969ರ ಅದೇ ಗ್ರಂಥದಲ್ಲಿ. ಹಾಗಾಗಿ ಆ ಪುಸ್ತಕದಲ್ಲಿ ಎರಡು ಮೀನುಗಳು ಒಂದೇ ಬಗೆಯ ಹಣೆಬರಹ ಹೊತ್ತು ಒಟ್ಟಿಗಿವೆ: ಕೊನೆಯದಾಗಿ ಕಂಡದ್ದು 1957, ಹೆಸರು ಬಂದದ್ದು 1969. ಒಂದಕ್ಕೆ ಪಕ್ಕದಲ್ಲಿ ಸಿಟಿಕೊ ಇತ್ತು. ನಮ್ಮದಕ್ಕೆ ಇನ್ನೊಂದು ಹೊಳೆ ಇರಲಿಲ್ಲ.

1975ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಹತ್ತಾರು ವರ್ಷ ಹುಡುಕಿದರು. 2021ರಲ್ಲಿ ಅಳಿದುಹೋಗಿದೆ ಎಂದು ಪಟ್ಟಿಯಿಂದ ತೆಗೆಯುವ ಪ್ರಸ್ತಾಪ ಬಂತು, 2023ರ ಅಕ್ಟೋಬರಿನಲ್ಲಿ ಅಧಿಕೃತವಾಯಿತು. ಅದೇ ಆದೇಶದಲ್ಲಿ ಒಟ್ಟು 21 ಜೀವಿಗಳು ಹೋದವು, ಬಹಳಷ್ಟು ಹವಾಯಿಯ ಹಕ್ಕಿಗಳು ಮತ್ತು ನದಿಯ ಕಪ್ಪೆಚಿಪ್ಪುಗಳು. ಪತ್ರಿಕೆಗಳಲ್ಲಿ ಹಕ್ಕಿಗಳ ಚಿತ್ರ ಬಂತು. ಮೀಸೆ ಮೀನಿನ ಹೆಸರು ಸಾಲಿನ ಕೊನೆಯಲ್ಲೆಲ್ಲೋ ಇತ್ತು.

ನಾನು ಆ ವಾರ ಡಾರ್ಬಿ ದಡಕ್ಕೆ ಹೋಗಿ ಸುಮ್ಮನೆ ಕೂತು ಬಂದೆ. ಎದುರಿಗೆ ಜೋಳದ ಹೊಲ. ಮಳೆ ಬಂದರೆ ಉತ್ತ ಮಣ್ಣು ಹೊಳೆಗೆ ಇಳಿಯುತ್ತದೆ, ಕಲ್ಲುಗಳ ನಡುವಿನ ಸಂದುಗಳನ್ನು ತುಂಬುತ್ತದೆ. ಬೆರಳುದ್ದದ ಮೀನಿಗೆ ಆ ಸಂದೇ ಮನೆ, ಅದೇ ಊಟದ ಕೋಣೆ. ನೀರು ಎಂದಿನಂತೆ ಜುಳುಜುಳು ಹರಿಯುತ್ತಿತ್ತು.

ಹೊಳೆಸಾಲು

ಡಾರ್ಬಿ_ದಡ, ಇದು ನನಗೆ ಗೊತ್ತಿರಲಿಲ್ಲ. ಎರಡು ಸಲ ಓದಿದೆ.

ನೇರಮಾತು (ಮೈಸೂರು)

ಯಾರಿಗೂ ನೋವು ಮಾಡುವ ಉದ್ದೇಶವಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳುತ್ತಿದ್ದೇನೆ. ಹುಲಿ ಉಳಿಸುವುದು ಅರ್ಥವಾಗುತ್ತದೆ, ಕಾಡಿನ ಸರಪಳಿಯ ತುದಿಯಲ್ಲಿದೆ. ಆದರೆ ಕಲ್ಲಿನಡಿಯ ಬೆರಳುದ್ದದ ಮೀನು, ಅದೂ ಮೂವತ್ತು ಜಾತಿಯಲ್ಲಿ ಒಂದು. ಅದು ಹೋದರೆ ಇನ್ನೊಂದು ಅದರ ಕೆಲಸ ಮಾಡುವುದಿಲ್ಲವೇ? ಇಷ್ಟು ವರ್ಷ, ಇಷ್ಟು ಜನ, ಇಷ್ಟು ಹಣ ಬೇಕೇ?

ಹೊಳೆಸಾಲು

ನೇರಮಾತು ಅವರೇ, ಪ್ರಶ್ನೆ ಸರಿಯಾದದ್ದೇ. ನನಗೆ ತೋಚಿದ್ದು ಹೇಳುತ್ತೇನೆ.

ಈ ಮೀನಿಗೆ ಬೇಕಾದದ್ದು ಇಷ್ಟೇ: ಹೂಳಿಲ್ಲದ ಕಲ್ಲುಸಂದು, ವಾಸನೆ ಕೆಡದ ನೀರು, ರಾತ್ರಿಯ ಹುಳಗಳು. ಅಂಥದೇ ಕಲ್ಲುಗಳಡಿ ಹೆಲ್‌ಬೆಂಡರ್ ಎಂಬ, ಹಲ್ಲಿಯ ಆಕಾರದ ಎರಡಡಿ ಉದ್ದದ ಸಲಮಾಂಡರ್ ಕೂಡ ಮೊಟ್ಟೆಯಿಡುತ್ತದೆ, ಅಲ್ಲೂ ಕಾಯುವುದು ಗಂಡೇ. ಹಾಗಾಗಿ ಮ್ಯಾಡ್‌ಟಾಮಿಗೆ ಉಳಿಸಿದ ಕಲ್ಲು ಅದೊಂದಕ್ಕೇ ಉಳಿಸಿದ್ದಲ್ಲ. "ಇನ್ನೊಂದು ಜಾತಿ ಕೆಲಸ ಮಾಡುತ್ತದೆ" ಎಂದು 1957ರಲ್ಲೂ ಅಂದುಕೊಂಡಿದ್ದರು. ಆ ಇನ್ನೊಂದು ಜಾತಿ ಟ್ರೌಟ್. ವಿಷ ಹಾಕಿದವರು ಕೆಟ್ಟವರೂ ಆಗಿರಲಿಲ್ಲ, ಹೊಳೆಯನ್ನು ಸುಧಾರಿಸುತ್ತಿದ್ದೇವೆ ಎಂದೇ ನಂಬಿದ್ದರು. ತಮ್ಮ ಬಕೆಟ್ಟಿನಲ್ಲಿ ಜಗತ್ತಿನಲ್ಲಿ ಇನ್ನೂ ಹೆಸರೇ ಇಲ್ಲದ ಜೀವಿ ಇದೆ ಎಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಭಯವಾಗುವುದು ಅದಕ್ಕೇ.

ಹಣದ ಮಾತಿಗೆ ಬಂದರೆ, ಮರಳಿ ತರುವುದಕ್ಕೆ ಹದಿನೈದಕ್ಕೂ ಹೆಚ್ಚು ವರ್ಷ ಹಿಡಿಯಿತು. ವಿಷ ಹಾಕುವುದು ಕೆಲವೇ ದಿನದ ಕೆಲಸ.

ಡಾರ್ಬಿ_ದಡ

ನೇರಮಾತು ಅವರಿಗೆ ನನ್ನದೂ ಒಂದು ಮಾತು. ಸಯೋಟೊ ಮ್ಯಾಡ್‌ಟಾಮ್ ಏನು ಕೆಲಸ ಮಾಡುತ್ತಿತ್ತು ಎಂದು ನೀವು ಕೇಳಿದರೆ ಉತ್ತರ ಕೊಡಲು ಯಾರೂ ಇಲ್ಲ. ಅದು ಗೂಡು ಕಟ್ಟಿದ್ದನ್ನು ಕಂಡವರಿಲ್ಲ. 18 ಮೀನುಗಳ ಅಳತೆ, ಬಣ್ಣ, ರೆಕ್ಕೆಯ ಕಡ್ಡಿಗಳ ಎಣಿಕೆ ಇದೆ, ಬದುಕಿನ ಕಥೆ ಇಲ್ಲ.

ನೇರಮಾತು

ಒಪ್ಪಿದೆ. ಹಣದ ವಿಷಯದಲ್ಲಿ ನನಗಿನ್ನೂ ಪೂರ್ತಿ ಸಮಾಧಾನ ಇಲ್ಲ, ಆದರೆ ಆ ಬಕೆಟ್ಟಿನ ಮಾತು ಮನಸ್ಸಿಗೆ ತಾಗಿತು.

ನ್ಯೂಸ್‌ನದಿ (ಕೇರಿ, ನಾರ್ತ್ ಕ್ಯಾರೊಲಿನಾ)

ತಡವಾಗಿ ಓದಿದೆ. ನಮ್ಮ ಟ್ರಯಾಂಗಲ್ (ರಾಲಿ-ಡರ್ಹಮ್) ಕಡೆಯ ಕನ್ನಡಿಗರಿಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ನಮ್ಮಲ್ಲಿಯೂ ಒಂದಿದೆ, ಕ್ಯಾರೊಲಿನಾ ಮ್ಯಾಡ್‌ಟಾಮ್. ಪ್ರಪಂಚದಲ್ಲಿ ನ್ಯೂಸ್ ಮತ್ತು ಟಾರ್ ನದಿಗಳ ಜಲಾನಯನ ಬಿಟ್ಟರೆ ಇನ್ನೆಲ್ಲೂ ಇಲ್ಲ. 1889ರಲ್ಲಿ ಹೆಸರಿಟ್ಟವರು ಫ್ಯೂರಿಯೋಸಸ್ ಎಂದರು, ಉಗ್ರ ಎಂಬ ಅರ್ಥದಲ್ಲಿ. ಮ್ಯಾಡ್‌ಟಾಮ್‌ಗಳಲ್ಲಿ ವಿಷ ಜೋರಾಗಿರುವುದು ಇದಕ್ಕೆ ಎನ್ನುತ್ತಾರೆ. ಕಲ್ಲು ಮಾತ್ರವಲ್ಲ, ಸತ್ತ ಕಪ್ಪೆಚಿಪ್ಪಿನ ಒಳಗೂ ಮನೆ ಮಾಡುತ್ತದೆ. 2021ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತು. ನ್ಯೂಸ್ ಕಡೆಯಂತೂ ಬಹುತೇಕ ಕಾಣೆಯಾಗಿದೆ.

ಇಲ್ಲಿ ಹೂಳಿನ ಜೊತೆ ಇನ್ನೊಂದು ತೊಂದರೆ: ಫ್ಲಾಟ್‌ಹೆಡ್ ಕ್ಯಾಟ್‌ಫಿಶ್. ಮಿಸಿಸಿಪ್ಪಿ ಕಡೆಯ ಭಾರಿ ಮೀನು, ಇದೇ ಕುಟುಂಬದ ದೊಡ್ಡಣ್ಣ. 1960ರ ದಶಕದಲ್ಲಿ ಪಕ್ಕದ ಕೇಪ್ ಫಿಯರ್ ನದಿಗೆ ತಂದು ಬಿಟ್ಟರು, ಆಮೇಲೆ ಒಂದೊಂದೇ ನದಿಗೆ ಹರಡಿತು. ಅದಕ್ಕೆ ಜೀವಂತ ಮೀನೇ ಬೇಕು, ವಿಷದ ಮುಳ್ಳಿಗೂ ಸೊಪ್ಪು ಹಾಕುವುದಿಲ್ಲ.

ಊರಿನವರಿಗೆ ಇದು ಹೊಸದಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ನಮ್ಮ ದೇಶದಲ್ಲಿ 2000ದಲ್ಲೇ ನಿಷೇಧಿಸಿದ್ದಾರೆ, ಆದರೂ ಕೆರೆಗಳಲ್ಲಿ ಇನ್ನೂ ಸಿಗುತ್ತದೆ. ನನ್ನ ಚಿಕ್ಕಪ್ಪ ಮಂಡ್ಯದ ಹತ್ತಿರ ಕೆರೆ ಗುತ್ತಿಗೆ ಹಿಡಿದಿದ್ದಾಗ ಒಂದು ಬೇಸಿಗೆಯಲ್ಲಿ ಬಲೆಯ ತುಂಬ ಅದೇ ಬಂದಿತ್ತು. ಮುರುಗೋಡು, ಗಿರ್ಲು ಒಂದೂ ಇರಲಿಲ್ಲ. ಅವರು ದಡದಲ್ಲಿ ಬಲೆ ಬಿಟ್ಟು ಕೂತಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಶರಾವತಿ_ಹಿನ್ನೀರು

ಇಷ್ಟೆಲ್ಲ ಮಾತಾಡಿದ್ದೇವೆ, ಇದನ್ನು ಕನ್ನಡದಲ್ಲಿ ಏನಂತ ಕರೆಯುವುದು? ಮ್ಯಾಡ್‌ಟಾಮ್ ಅಂದರೆ ಮಕ್ಕಳಿಗೆ ಹುಚ್ಚ ಅಂತ ಅರ್ಥವಾಗುತ್ತೆ. ಪಾಪದ ಮೀನು. ನನ್ನ ಸಲಹೆ: ಕಲ್ಲಡಿ ಮೀನು.

ವರದಾತೀರ

ಕಿರುಚೇಳು ಅನ್ನೂಣ್ರಿ. ಚುಚ್ಚೋದೂ ಬಂತು, ಸಣ್ಣದೂ ಬಂತು.

ಮತ್ಸ್ಯಮಿತ್ರ

ಕಿರುಚೇಳು ಎಂದರೆ ನಮ್ಮ ಚೇಳುಮೀನಿನ ಮರಿ ಎಂದು ತಪ್ಪು ತಿಳಿಯಬಹುದು. ಕಲ್ಲಡಿ ಮೀನು ಎಂದರೆ ನಮ್ಮ ಘಟ್ಟದ ಹೊಳೆಗಳಲ್ಲಿ ಕಲ್ಲಿಗೆ ಅಂಟಿಕೊಳ್ಳುವ ಹತ್ತು ಮೀನುಗಳಿವೆ. ಪಾಠ ಬರೆಯುವಾಗ ಮ್ಯಾಡ್‌ಟಾಮ್ ಎಂದೇ ಇರಲಿ. ಮನೆಯಲ್ಲಿ ಮಕ್ಕಳಿಗೆ ಹೇಳುವಾಗ ಯಾವುದು ಬಾಯಿಗೆ ಬರುತ್ತದೋ ಅದು.

ಹೊಳೆಸಾಲು

ನಮ್ಮ ಮನೆಯಲ್ಲಿ ಆಗಲೇ ಹೆಸರು ಬಿದ್ದಾಯಿತು. ಮಗಳು ಅದನ್ನು "ಅಪ್ಪಮೀನು" ಅನ್ನುತ್ತಾಳೆ.

ವರದಾತೀರ

ಅಪ್ಪಮೀನು! ನನ್ನ ಕಿರುಚೇಳು ವಾಪಸ್ ತಗೊಂಡೆ. ಅಕ್ಕಾ, ಮತ್ತ ಹೋಗಿದ್ರೇನು ಹೊಳಿಗೆ? ಕಂಡಿತೇನು?

ಹೊಳೆಸಾಲು

ಹೋಗಿದ್ದೆವು, ನಿನ್ನೆ ಸಂಜೆ. ಮಕ್ಕಳೇ ಹಟ ಮಾಡಿ ಎಳೆದುಕೊಂಡು ಹೋದರು. ಹಿಂದಿನ ವಾರ ಪೇರಿಸಿದ ಕಟ್ಟೆಯನ್ನು ಅವತ್ತೇ ಆ ಸ್ವಯಂಸೇವಕಿಯ ಜೊತೆ ನಿಂತು ಬಿಡಿಸಿ, ಕಲ್ಲುಗಳನ್ನು ಮೆಲ್ಲಗೆ ಹರಡಿ ಬಂದಿದ್ದೆವು. ಈ ಸಲ ಯಾರೂ ನೀರಿಗೆ ಕೈ ಹಾಕಲಿಲ್ಲ. ಕಾಲಿಡುವಲ್ಲೂ ಮರಳು ನೋಡಿ ಇಟ್ಟರು. ಕನ್ನಡಕ ಕಟ್ಟಿಕೊಂಡು ಮುಖ ಮಾತ್ರ ನೀರೊಳಗಿಟ್ಟು ಮಡುವಿನ ಅಂಚಿನಲ್ಲಿ ಮಲಗಿದೆವು.

ಕಾಣಲಿಲ್ಲ ವರದಾತೀರ ಅವರೇ. ಅದು ಹೊರಗೆ ಬರುವುದು ಕತ್ತಲಾದ ಮೇಲೆ, ನಾವು ಅಷ್ಟು ಹೊತ್ತು ಇರುವಂತಿರಲಿಲ್ಲ. ಪುಟ್ಟ ಡಾರ್ಟರ್ ಮೀನುಗಳು ಕಂಡವು, ಸೀಗಡಿಯಂಥ ಒಂದು ಕ್ರೇಫಿಶ್ ಹಿಮ್ಮುಖವಾಗಿ ಓಡಿತು. ಹೊರಡುವ ಹೊತ್ತಿಗೆ ಮಗಳು ನನ್ನ ತೋಳು ಹಿಡಿದು ಒಂದು ಚಪ್ಪಟೆ ಕಲ್ಲು ತೋರಿಸಿದಳು. ಅದರ ಅಂಚಿನಡಿಯಿಂದ ನವಿರಾದ ಹೂಳು ಸ್ವಲ್ಪ ಸ್ವಲ್ಪವೇ ಹೊಗೆಯ ಹಾಗೆ ಹೊರಗೆ ಬರುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಇನ್ನೊಂದು ಕ್ರೇಫಿಶ್ಶೇ ಇದ್ದೀತು.

ನೀರಿಂದ ಮುಖ ಎತ್ತಿ ಮಗಳು ಪಿಸುಗುಟ್ಟಿದಳು: "ಅಮ್ಮಾ, ಒಳಗೆ ಯಾರೋ ಕಸ ಗುಡಿಸ್ತಿದ್ದಾರೆ."